ಹಾಲಿನ ಡೈರಿ ಸೆಕ್ರೆಟರಿ ಕೆಲಸದಿಂದ ರಿಟೈರ್ ಆಗ್ತಾ ಇದ್ದೀನಿ, ನನ್ನ ಜಾಗಕ್ಕೆ ಬರೋ ಹುಡುಗಿಗೆ ಮೊದಲು ಏನು ಕಲಿಸ್ಬೇಕು?

ಚಿಂತಾಮಣಿ_ಡೈರಿ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳೀಲಿ ಹಾಲು ಉತ್ಪಾದಕರ ಸಂಘದ ಸೆಕ್ರೆಟರಿ. ಮೊದಲು ಹಾಲು ಪರೀಕ್ಷಕ ಅಂತ ಸೇರ್ಕೊಂಡಿದ್ದು, ಆಗ ನಮ್ದೆಲ್ಲ ಕೋಲಾರ ಜಿಲ್ಲೇನೇ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಲ್ವಾ, ಅದಕ್ಕೂ ಎಷ್ಟೋ ವರ್ಷ ಮುಂಚಿನ ಮಾತು. ಈ ಮಾರ್ಚ್ ಕೊನೆಗೆ 60 ತುಂಬುತ್ತೆ, ಕೆಲಸ ಬಿಡ್ಬೇಕು.

ಆಡಳಿತ ಮಂಡಳಿಯವ್ರು ನನ್ನ ಜಾಗಕ್ಕೆ ನಮ್ಮೂರ ಸೊಸೆ ಒಬ್ಬಳನ್ನ ತಗೊಂಡಿದ್ದಾರೆ. ಬಿ.ಕಾಂ. ಓದಿದಾಳೆ, ತವರು ತಿಪಟೂರು ಕಡೆ, ಒಳ್ಳೆ ಚುರುಕು. ಕಂಪ್ಯೂಟರಲ್ಲಿ ಹಾಲು ಹತ್ತಿಸೋದು, ಸ್ಲಿಪ್ಪು ಕೊಡೋದು, ದಿನದ ವರದಿ ತೆಗೆಯೋದು, ಹಾಲಿನ ದುಡ್ಡಿನ ಬಟವಾಡೆ ಪಟ್ಟಿ ಮಾಡೋದು ಇವೆಲ್ಲ ನಾನು ಹೇಳೋಕೆ ಮುಂಚೇನೇ ಕಲ್ತುಬಿಟ್ಲು, ನಂಗಿಂತ ಜೋರಾಗಿ ಮಾಡ್ತಾಳೆ. ಅದರ ಬಗ್ಗೆ ನಂಗೆ ಚಿಂತೆ ಇಲ್ಲ. ಚಿಂತೆ ಇರೋದು ಬೇರೆ. ಬೆಳಿಗ್ಗೆ ಆರೂವರೆ ಹೊತ್ತಿಗೆ ಕ್ಯೂ ನಿಂತಿರುತ್ತೆ, ಅವಳು ಫ್ಯಾಟ್ (ಹಾಲಿನ ಕೊಬ್ಬಿನಂಶ, ಅದು ಇಳಿದ್ರೆ ದುಡ್ಡೂ ಇಳಿಯುತ್ತೆ) 3.1 ಅಂತ ಹೇಳಿದ ತಕ್ಷಣ ಹಾಲು ಹಾಕಿದವ್ರು ಅವಳ ಮುಖ ನೋಡಲ್ಲ, ಹಿಂದೆ ನಿಂತಿರೋ ನನ್ನ ಮುಖ ನೋಡ್ತಾರೆ, "ಏನಣ್ಣ ಇದು, ನಿನ್ನೆ 3.7 ಇತ್ತು, ಅದೇ ಹಸ, ಅದೇ ಮೇವು" ಅಂತ. ನಾನು ಏನೋ ಒಂದು ಹೇಳಿದ್ರೆ ಒಪ್ಕೊಂಡು ಹೋಗ್ತಾರೆ. ಅದೇ ಮಾತನ್ನ ಅವಳು ಹೇಳಿದ್ರೆ ಒಪ್ಪಲ್ಲ. ನಮ್ಮೂರಲ್ಲಿ ಅರ್ಧಕ್ಕರ್ಧ ಜನ ಮಾತಾಡೋದು ತೆಲುಗು, ಜಗಳ ಅಂತ ಬಂದ್ರೆ ಪೂರ್ತಿ ತೆಲುಗೇ, ಅವಳಿಗೆ ಅದು ಇನ್ನೂ ಅಷ್ಟು ಓಡಲ್ಲ.

ಎರಡನೇದು, ನನ್ನ ತಲೇಲಿ ಇರೋದು ಎಷ್ಟೋ ಯಾವ ರಿಜಿಸ್ಟರಲ್ಲೂ ಇಲ್ಲ. ಯಾರ ಮನೆ ಹಸ ಯಾವಾಗ ಕರು ಹಾಕ್ತು, ಯಾರು ಫೀಡ್ ಮೂಟೆ ತಗೊಂಡು ಮುಂದಿನ ಬಟವಾಡೇಲಿ ಹಿಡ್ಕೊಳ್ಳಿ ಅಂದಿದ್ದಾರೆ, ಯಾವ ಮನೇಲಿ ಗಂಡ ದುಡ್ಡು ಹಾಳು ಮಾಡ್ತಾನೆ ಹಂಗಾಗಿ ಹಾಲಿನ ದುಡ್ಡು ಹೆಂಡತಿ ಖಾತೆಗೇ ಹೋಗ್ಬೇಕು, ಇಂಥವೆಲ್ಲ. ಇದನ್ನೆಲ್ಲ ಒಬ್ಬರಿಗೆ ದಾಟಿಸೋದು ಹೇಗೆ? ಬರೆದು ಕೊಡ್ಲಾ, ಬಾಯಲ್ಲಿ ಹೇಳ್ಲಾ?

ಮೂರನೇದು, ಇಬ್ಬರು ಮೂವರು ನಿರ್ದೇಶಕರು "ನೀವು ರಿಟೈರ್ ಆದ್ರೂ ದಿನಾ ಒಂದು ಹೊತ್ತು ಬಂದು ಹೋಗ್ತಾ ಇರಿ" ಅಂತಿದ್ದಾರೆ. ಹೋಗೋದಾ ಬೇಡ್ವಾ ಗೊತ್ತಾಗ್ತಿಲ್ಲ. ಇಷ್ಟು ವರ್ಷ ಕಟ್ಟಿದ ಡೈರಿ, ಹಾಳಾಗೋದನ್ನ ನೋಡೋಕಾಗಲ್ಲ, ಹಂಗಂತ ಅವಳಿಗೆ ಅಡ್ಡ ಆಗೋಕೂ ಇಷ್ಟ ಇಲ್ಲ. ಈ ಕೆಲಸ ಮಾಡಿ ಬಿಟ್ಟವ್ರು, ಹೊಸದಾಗಿ ಸೇರಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮಾಲೂರು_ಹಳಬ

ಸಾರ್ ನಮಸ್ಕಾರ. ನಾನು ಮಾಲೂರು ತಾಲ್ಲೂಕಲ್ಲಿ ಇದೇ ಕೆಲಸ ಮಾಡಿ ರಿಟೈರ್ ಆದವನು. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕಾಗ್ಲಿಲ್ಲ, ಸ್ವಲ್ಪ ಉದ್ದ ಆಗುತ್ತೆ.

ಕಂಪ್ಯೂಟರ್ ಬಿಡಿ. ಲೆಕ್ಕಾನೂ ಬಿ.ಕಾಂ. ಓದಿದವ್ರಿಗೆ ಬರುತ್ತೆ. ಮೊದಲು ಹಾಲು ಕಲಿಸಿ. ಮಷಿನ್ ಏನು ತೋರಿಸ್ತು ಅಂತ ಯಾರು ಬೇಕಾದ್ರೂ ಓದ್ತಾರೆ, ಯಾಕೆ ಹಂಗೆ ತೋರಿಸ್ತು ಅಂತ ಹಾಲು ಹಾಕೋವ್ರಿಗೆ ಬಿಡಿಸಿ ಹೇಳೋಕೆ ಬಂದ್ರೇನೇ ಆ ಜಾಗದಲ್ಲಿ ನಿಂತ್ಕೊಳ್ಳೋಕಾಗೋದು. ನಿಮ್ಮ ಮಾತು ಜನ ಒಪ್ಪೋದು ನಿಮಗೆ ವಯಸ್ಸಾಗಿದೆ ಅಂತ ಅಲ್ಲ, ನೀವು ಕಾರಣ ಹೇಳ್ತೀರ ಅಂತ. ಆ ಕಾರಣಗಳನ್ನ ಅವಳ ಕೈಗೆ ಕೊಡಿ.

ಒಂದೊಂದಾಗಿ ಹೇಳ್ತೀನಿ. ಹಸದ ಕೆಚ್ಚಲಿಂದ ಮೊದಲು ಬರೋ ಹಾಲಲ್ಲಿ ಫ್ಯಾಟು ಒಂದು ಒಂದೂವರೆ ಇರುತ್ತೆ, ಕೊನೆಗೆ ಹಿಂಡೋ ಹಾಲಲ್ಲಿ ಐದಾರು ದಾಟುತ್ತೆ. ಮೊದಲು ಪೂರ್ತಿ ಕರ್ಕೊಂಡು ಕೊನೇದನ್ನ ಕರುಗೆ ಬಿಟ್ಟುಬಿಟ್ರೆ ಗಟ್ಟಿ ಹಾಲೆಲ್ಲ ಕರು ಹೊಟ್ಟೆಗೆ ಹೋಯ್ತು, ಡೈರಿಗೆ ಬಂದಿದ್ದು ತೆಳು ಹಾಲು. ಆ ಮನೆಯವ್ರು ಒಂದು ತೊಟ್ಟು ನೀರೂ ಹಾಕಿರಲ್ಲ ಪಾಪ, ಆದ್ರೂ ಫ್ಯಾಟು ಬಿದ್ದಿರುತ್ತೆ. "ಅಕ್ಕ, ಕರು ಮೊದಲು ಬಿಟ್ರಾ ಕೊನೇಗೆ ಬಿಟ್ರಾ" ಅಂತ ಒಂದು ಪ್ರಶ್ನೆ ಕೇಳೋದು ಕಲಿಸಿ ಸಾಕು, ಅರ್ಧ ಜಗಳ ಅಲ್ಲೇ ನಿಲ್ಲುತ್ತೆ. ಹಂಗೇ ಬೆಳಿಗ್ಗೆ ಹಾಲಿಗೂ ಸಾಯಂಕಾಲದ ಹಾಲಿಗೂ ವ್ಯತ್ಯಾಸ, ಬೆಳಿಗ್ಗೆ ಐದಕ್ಕೆ ಕರೆದು ಸಾಯಂಕಾಲ ನಾಲ್ಕಕ್ಕೆ ಕರೆದ್ರೆ ಹಗಲಿನ ಅಂತರ ಕಮ್ಮಿ ರಾತ್ರಿದು ಜಾಸ್ತಿ, ಹಂಗಾಗಿ ಸಾಯಂಕಾಲ ಹಾಲು ಕಮ್ಮಿ ಬಂದು ಫ್ಯಾಟು ಮೇಲಿರುತ್ತೆ. ಬೆಳಿಗ್ಗೆದನ್ನ ಸಾಯಂಕಾಲಕ್ಕೆ ಹೋಲಿಸಿ ಜಗಳಕ್ಕೆ ಬರೋವ್ರು ಎಲ್ಲ ಊರಲ್ಲೂ ಇದ್ದಾರೆ.

ಮೇವು. ಬರೀ ಎಳೆ ಸೀಮೆಹುಲ್ಲು ಹಸಿ ಜೋಳ ಹಾಕಿ ರಾಗಿ ಹುಲ್ಲು ಕಮ್ಮಿ ಮಾಡಿದ್ರೆ ಹಾಲು ಜಾಸ್ತಿ ಆಗುತ್ತೆ ಫ್ಯಾಟು ಇಳಿಯುತ್ತೆ. ನಮ್ಮ ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬಂತಲ್ಲ, ಆಮೇಲೆ ಹಸಿ ಮೇವು ಬೆಳೆಯೋವ್ರು ಜಾಸ್ತಿ ಆದ್ರು, ಒಣ ಹುಲ್ಲು ಕೊಳ್ಳೋದು ಬಿಟ್ರು, ಇದನ್ನ ನಾನು ಕಣ್ಣಾರೆ ನೋಡಿದೀನಿ. ಬೇಸಿಗೇಲಿ ಬಿಸಿಲಿನ ಝಳಕ್ಕೂ ಫ್ಯಾಟು ಇಳಿಯುತ್ತೆ. ಎಚ್‌ಎಫ್ ತಳಿ ಹಸಕ್ಕೂ ಜರ್ಸಿ ತಳಿಗೂ ಫ್ಯಾಟು ಒಂದೇ ಇರಲ್ಲ. ಇದೆಲ್ಲ ಅವಳು ಪಾಠದ ಥರ ಬಾಯಿಪಾಠ ಮಾಡೋದು ಬೇಡ, ನಾಲ್ಕು ಕೊಟ್ಟಿಗೆಗೆ ಜೊತೇಲಿ ಕರ್ಕೊಂಡು ಹೋಗಿ, ಗೋದಲೀಲಿ ಏನಿದೆ ಅಂತ ತೋರಿಸಿ, ಹಾಲು ಕರೆಯೋ ಹೊತ್ತಲ್ಲೇ ಹೋಗಿ. ಫ್ಯಾಟು ಕಮ್ಮಿ ಬರೋ ಮನೆಗೆ ಮೊದಲು ಹೋಗಿ.

ಇನ್ನು ಪರೀಕ್ಷೆ. ಸ್ಯಾಂಪಲ್ ತೆಗೆಯೋಕೆ ಮುಂಚೆ ಹಾಲನ್ನ ಚೆನ್ನಾಗಿ ಕಲಕ್ಬೇಕು, ಕೆನೆ ಮೇಲೆ ನಿಲ್ಲುತ್ತೆ, ಮೇಲಿಂದ ಮೊಗೆದ್ರೆ ಒಂದು ತೋರಿಸುತ್ತೆ ತಳದಿಂದ ಮೊಗೆದ್ರೆ ಇನ್ನೊಂದು. ಹಂಗಂತ ನೊರೆ ಏಳೋ ಹಂಗೆ ಜೋರಾಗಿ ಅಲ್ಲಾಡಿಸಿ ತಕ್ಷಣ ಮಷಿನ್‌ಗೆ ಇಟ್ರೆ ಗಾಳಿ ಗುಳ್ಳೆ ಸೇರ್ಕೊಂಡು ರೀಡಿಂಗ್ ಕೆಡುತ್ತೆ. ಹಾಲಿನ ಸಾಂದ್ರತೆ ನೋಡೋ ಲ್ಯಾಕ್ಟೋಮೀಟರ್ ಇದ್ಯಲ್ಲ ಅದಂತೂ ಅವಳಿಗೆ ಕೈ ಹಿಡಿದು ಕಲಿಸ್ಬೇಕು. ಆಗಷ್ಟೇ ಕರೆದು ತಂದ ಬೆಚ್ಚಗಿನ ಹಾಲಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತೆ, ಡಿಗ್ರಿ ಕಮ್ಮಿ ತೋರಿಸುತ್ತೆ. ನೀರು ಬೆರೆಸಿದ ಹಾಲೂ ಹಂಗೇ ತೋರಿಸೋದು. ಡೈರಿ ಪಕ್ಕದ ಮನೆಯವ್ರು ಬಿಸಿ ಬಿಸಿ ಹಾಲು ತಂದು ಕೊಟ್ಟಾಗ ಉಷ್ಣಾಂಶ ನೋಡದೆ ನೀರು ಹಾಕಿದ್ದೀರ ಅಂದುಬಿಟ್ರೆ ಒಂದು ಮರ್ಯಾದಸ್ಥ ಮನೆಗೆ ಊರೆದುರಿಗೆ ಕಳ್ಳತನದ ಹೆಸರು ಹೊರಿಸಿದ ಹಂಗೆ. ಹೊಸಬ್ರಿಗೆ ಆ ಒಂದು ಮಾತು ಬಾಯಿಂದ ಜಾರಿದ್ರೆ ವರ್ಷಗಟ್ಲೆ ಆ ಮನೆಯವ್ರು ಕ್ಷಮಿಸಲ್ಲ. ನೀರು ಅನ್ನೋ ಪದಾನೇ ಕ್ಯೂ ಮುಂದೆ ಎತ್ತಬೇಡ ಅಂತ ಹೇಳಿ. ಸ್ಯಾಂಪಲ್ ಎತ್ತಿಟ್ಟು, ಆ ಹೊತ್ತು ಮುಗಿದ ಮೇಲೆ ಒಬ್ಬರನ್ನೇ ಕರೆದು ಮಾತಾಡ್ಲಿ.

ಆಸಿಡ್ ಹಾಕಿ ಫ್ಯಾಟು ನೋಡೋ ಹಳೇ ಗರ್ಬರ್ ಪರೀಕ್ಷೆ ಕಲಿಸಿ ಸಾರ್. ಈಗ ಮಷಿನ್ ಇದೆ ಯಾಕೆ ಅಂತ ಅಂದ್ಕೊಬೇಡಿ. ಗಂಧಕದ ಆಸಿಡ್ 10 ಎಂಎಲ್ ಮೊದಲು, ಆಮೇಲೆ ಹಾಲು 10.75 ಎಂಎಲ್ ಗೋಡೆ ಪಕ್ಕದಲ್ಲೇ ನಿಧಾನಕ್ಕೆ, ಅಮೈಲ್ ಆಲ್ಕೋಹಾಲ್ 1 ಎಂಎಲ್, ಬಿರಡೆ ಹಾಕಿ ಅಲ್ಲಾಡಿಸಿದಾಗ ಬ್ಯುಟಿರೋಮೀಟರ್ (ಆ ಗಾಜಿನ ಕೊಳವೆ) ಕೈಯಲ್ಲಿ ಹಿಡಿಯೋಕಾಗದಷ್ಟು ಬಿಸಿ ಆಗುತ್ತೆ, ಅದಕ್ಕೆ ಬಟ್ಟೆ ಸುತ್ಕೊಂಡೇ ಹಿಡೀಬೇಕು. ನಮ್ಮ ಕಾಲದ ಪರೀಕ್ಷಕರ ಅಂಗಿ ಪ್ಯಾಂಟು ಎಲ್ಲ ಆಸಿಡ್ ತೂತು. ದಿನಾ ಮಾಡೋದು ಬೇಡ, ಮಷಿನ್ ಮೇಲೆ ಯಾರಾದ್ರೂ ಅನುಮಾನ ಪಟ್ಟಾಗ ಅವರೆದುರಿಗೇ ಒಂದು ಸಲ ಮಾಡಿ ತೋರಿಸಿದ್ರೆ ಆ ಹಳದಿ ಫ್ಯಾಟಿನ ಗೆರೆ ಕೊಳವೇಲಿ ಎಲ್ಲಿ ನಿಂತಿದೆ ಅಂತ ಅವರೇ ಕಣ್ಣಲ್ಲಿ ನೋಡ್ತಾರೆ. ಆ ಗೆರೆ ಹತ್ರ ಯಾರೂ ವಾದ ಮಾಡಲ್ಲ. ಒಬ್ಬ ಹೆಣ್ಣುಮಗಳು ಅದನ್ನ ಧೈರ್ಯವಾಗಿ ಮಾಡಿ ತೋರಿಸಿದ ದಿನ ಆ ಊರಲ್ಲಿ ಅವಳ ಮಾತಿಗೆ ತೂಕ ಬರುತ್ತೆ, ಇದನ್ನ ನಾನು ಖಂಡಿತ ಹೇಳ್ತೀನಿ. ಆಸಿಡ್ ಮಾತ್ರ ಹುಷಾರು, ಕನ್ನಡಕ ಗ್ಲೌಸು ಇಲ್ದೆ ಮಾಡಿಸ್ಬೇಡಿ.

ಗಿಣ್ಣು ಹಾಲು, ಕೆಚ್ಚಲು ಬಾವು ಬಂದ ಹಸದ ಹಾಲು, ಇಂಜೆಕ್ಷನ್ ಕೊಟ್ಟ ಹಸದ ಹಾಲು ತಗೋಬಾರ್ದು ಅಂತ ಅವಳಿಗೆ ಗೊತ್ತಿರುತ್ತೆ. ವಾಪಸ್ ಕಳಿಸೋದು ಹೇಗೆ ಅನ್ನೋದು ಗೊತ್ತಿರಲ್ಲ. ಅದು ನಿಮ್ಮನ್ನ ನೋಡೇ ಕಲೀಬೇಕು.

ಶಿರಾ_ಸೆಕ್ರೆಟರಿ

ಸಾರ್, ನಾನು ನಿಮ್ಮ ಆ ಹುಡುಗಿ ಜಾಗದಲ್ಲಿ ಇರೋಳು ಅಂದ್ಕೊಳ್ಳಿ. ಶಿರಾ ತಾಲ್ಲೂಕು, ನಮ್ದು ತುಮಕೂರು ಹಾಲು ಒಕ್ಕೂಟ. ನಂಗಿಂತ ಮುಂಚೆ ಇದ್ದ ಅಣ್ಣ ತುಂಬಾ ಒಳ್ಳೆಯವ್ರು, ಇವತ್ತಿಗೂ ಅವರ ಮೇಲೆ ಗೌರವ ಇದೆ, ಆದ್ರೆ ಮೊದಲ ತಿಂಗಳೆಲ್ಲ ಅವರು ನನ್ನ ಹಿಂದೇನೇ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು, ಸಹಾಯ ಆಗ್ಲಿ ಅಂತಾನೇ. ಆಗಿದ್ದು ಏನು ಅಂದ್ರೆ ನೀವು ಬರೆದಿದೀರಲ್ಲ ಅದೇ, ಎಲ್ಲರೂ ನನ್ನ ತಲೆ ಮೇಲಿಂದ ಅವರನ್ನೇ ಮಾತಾಡಿಸೋರು. ನಾನು ಹೇಳಿದ ನಂಬರನ್ನ ಅವರು ಇನ್ನೊಂದು ಸಲ ಹೇಳಿದ ಮೇಲೇನೇ ಅದು ನಂಬರ್. ಒಂದಿನ ಅವರ ಸಂಬಂಧಿಕರ ಮನೆ ಮದುವೆಗೆ ಅಂತ ಗುಬ್ಬಿಗೆ ಹೋದ್ರು, ಎರಡು ಹೊತ್ತು ನಾನೊಬ್ಳೇ. ಗಲಾಟೆ ಆಯ್ತು, ಇಲ್ಲ ಅನ್ನಲ್ಲ, ಒಬ್ಬರು ಹಾಲಿನ ಕ್ಯಾನು ವಾಪಸ್ ತಗೊಂಡು ಹೋದ್ರು. ಮಾರನೇ ದಿನ ಅವರೇ ತಂದ್ರು. ಆಮೇಲಿಂದ ನನ್ನ ಮುಖ ನೋಡಿ ಮಾತಾಡೋಕೆ ಶುರು ಮಾಡಿದ್ರು.

ಅದಕ್ಕೆ ನನ್ನ ಕಡೆಯಿಂದ ಒಂದೇ ಕೋರಿಕೆ, ಮಾರ್ಚ್‌ವರೆಗೂ ಕಾಯ್ಬೇಡಿ, ಈಗ್ಲೇ ವಾರದಲ್ಲಿ ಒಂದೆರಡು ಹೊತ್ತು ನೀವು ಡೈರಿ ಕಡೆಗೇ ಬರ್ಬೇಡಿ. ಫೋನ್ ಮಾತ್ರ ಆನ್ ಇಟ್ಕೊಳ್ಳಿ. ಮತ್ತೆ ಯಾರಾದ್ರೂ ದಾರೀಲಿ ಸಿಕ್ಕಿ "ಆ ಹುಡುಗಿ ಹಿಂಗೆ ಮಾಡಿದ್ಲು" ಅಂತ ನಿಮಗೆ ದೂರು ಹೇಳಿದ್ರೆ ಅಲ್ಲೇ ತೀರ್ಪು ಕೊಡ್ಬೇಡಿ ಸಾರ್, ದಯವಿಟ್ಟು. "ಅವಳನ್ನೇ ಕೇಳು" ಅಂತ ಕಳಿಸಿ. ಒಂದು ಸಲ ನೀವು ದಾರೀಲಿ ಸರಿ ತಪ್ಪು ಹೇಳಿಬಿಟ್ರೆ ಮುಗೀತು, ಡೈರಿ ಎರಡು ಆಯ್ತು.

ಇನ್ನೊಂದು, ಸೊಸೆ ಅಂತ ಹೇಳಿದ್ರಲ್ಲ. ಅದು ಎಷ್ಟು ಕಷ್ಟ ಅಂತ ಗಂಡಸರಿಗೆ ಅಷ್ಟಾಗಿ ಗೊತ್ತಾಗಲ್ಲ. ಚಿಕ್ಕತ್ತೆ ದೊಡ್ಡತ್ತೆ ಮಾವನ ಅಣ್ಣ ಎಲ್ಲರೂ ಅದೇ ಕ್ಯೂನಲ್ಲಿ ಹಾಲು ಹಿಡ್ಕೊಂಡು ನಿಂತಿರ್ತಾರೆ, ಫ್ಯಾಟ್ ಕಮ್ಮಿ ಹೇಳಿದ್ರೆ ಮನೇಲಿ ಮಾತು, ಜಾಸ್ತಿ ಹೇಳಿದ್ರೆ ಊರಲ್ಲಿ ಮಾತು. ನಮ್ಮಲ್ಲಿ ಒಂದು ಪದ್ಧತಿ ಮಾಡ್ಕೊಂಡ್ವಿ, ನಮ್ಮ ಮನೆ ಹಾಲು ಬಂದಾಗ ಪರೀಕ್ಷೆ ನಾನು ಮಾಡಲ್ಲ, ಸಹಾಯಕ ಮಾಡ್ತಾನೆ, ಡಿಸ್‌ಪ್ಲೇ ಹೊರಗಡೆಗೆ ತಿರುಗಿಸಿ ಇಟ್ಟಿದೀವಿ, ಮಷಿನ್ ತೋರಿಸೋ ಹೊತ್ತಿಗೇ ಎಲ್ಲರಿಗೂ ಕಾಣುತ್ತೆ. ಇದನ್ನ ನೀವು ಇರುವಾಗ್ಲೇ ಮಂಡಳಿ ಸಭೇಲಿ ಬರೆಸಿಬಿಡಿ. ನಿರ್ದೇಶಕರ ಮನೆ ಹಾಲಿಗೂ ಅದೇ ನಿಯಮ ಅಂತ ಸೇರಿಸಿ ಬರೆಸಿ, ನೀವು ಹೇಳಿದ್ರೆ ಆಗುತ್ತೆ, ನಾಳೆ ಅವಳು ಹೇಳಿದ್ರೆ ಆಗಲ್ಲ.

ಒಟಿಪಿ ವಿಷಯ ಮರೀಬೇಡಿ. ಸಂಘದ ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಇದೆ ನೋಡಿ. ನಮ್ಮಲ್ಲಿ ಹಳೇ ಅಣ್ಣನ ನಂಬರೇ ಇತ್ತು, ಬಟವಾಡೆ ದಿನ ಅವರು ಹೊಲದಲ್ಲಿ, ಫೋನ್ ಮನೇಲಿ, ಊರೆಲ್ಲ ದುಡ್ಡಿಗೆ ಕಾಯ್ತಾ ಕೂತಿದೆ. ಮಷಿನ್ ರಿಪೇರಿ ಹುಡುಗನ ನಂಬರ್, ಬಿಎಂಸಿ (ಹಾಲು ತಂಪು ಮಾಡಿ ಇಡೋ ಟ್ಯಾಂಕ್) ಜನರೇಟರ್ ಮೆಕ್ಯಾನಿಕ್ ನಂಬರ್, ಟ್ಯಾಂಕರ್ ಡ್ರೈವರ್ ನಂಬರ್ ಎಲ್ಲ ನಿಮ್ಮ ಫೋನಲ್ಲೇ ಇರುತ್ತೆ, ಅದನ್ನ ಒಂದು ಹಾಳೇಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಕರೆಂಟ್ ಹೋಗಿ ಜನರೇಟರ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ 4 ಡಿಗ್ರೀಲಿ ಇರ್ಬೇಕಾದ ಹಾಲು ಬೆಳಗಾಗೋದ್ರೊಳಗೆ ಹುಳಿ, ಪೂರ್ತಿ ಊರಿನ ಹಾಲು.

ತುಮಕೂರು_ಲೆಕ್ಕಪತ್ರ

ಸಹಕಾರ ಸಂಘಗಳ ಆಡಿಟ್ ಕೆಲಸದಲ್ಲಿ ಇದ್ದವನು ನಾನು. ಮೇಲಿನವ್ರು ಹೇಳಿದ್ದಕ್ಕೆ ಏನೂ ಸೇರಿಸಲ್ಲ, ಕಾಗದದ ವಿಷಯ ಮಾತ್ರ ಹೇಳ್ತೀನಿ, ಯಾಕಂದ್ರೆ ಒಳ್ಳೆ ಸೆಕ್ರೆಟರಿಗಳು ತೊಂದರೆ ಅನುಭವಿಸಿರೋದು ಇಲ್ಲೇ.

ನೀವು ಮಾರ್ಚ್ 31ಕ್ಕೆ ಬಿಡೋದು ಅನುಕೂಲ, ವರ್ಷದ ಲೆಕ್ಕಾನೂ ಅವತ್ತೇ ಮುಕ್ತಾಯ. ಆದ್ರೆ ಸಹಕಾರ ಸಂಘಗಳ ಕಾಯ್ದೆ ಕಲಂ 63ರ ಆಡಿಟ್ ಆಗೋದು ಅದಾದ ಮೇಲೆ, ಸರ್ವ ಸದಸ್ಯರ ಸಭೆ ಸೆಪ್ಟೆಂಬರ್ 25ರ ಒಳಗೆ. ಅಂದ್ರೆ ನೀವು ಮಾಡಿದ ವರ್ಷದ ಲೆಕ್ಕಕ್ಕೆ ಆಡಿಟರ್ ಕೇಳೋ ಪ್ರಶ್ನೆಗೆ ಉತ್ತರ ಕೊಡ್ಬೇಕಾದವಳು ಆ ಹುಡುಗಿ, ಅವಳು ಆ ವೋಚರ್ ನೋಡೇ ಇರಲ್ಲ. ಹಂಗಾಗಿ ಆಡಿಟ್ ದಿನ ನೀವು ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಕೌಂಟರಲ್ಲಿ ಕೂರ್ಬೇಡಿ ಅಂದ್ರಲ್ಲ ಅದು ಸರಿ, ಆಡಿಟ್‌ಗೆ ಮಾತ್ರ ಕೂರ್ಬೇಕು.

ಚಾರ್ಜ್ ಕೊಡೋದು ಬಾಯಿ ಮಾತಲ್ಲಿ ಬೇಡ. ಕೈಯಲ್ಲಿರೋ ನಗದು ಎಣಿಸಿ, ಬ್ಯಾಂಕ್ ಪಾಸ್‌ಬುಕ್ಕನ್ನ ನಗದು ಪುಸ್ತಕಕ್ಕೆ ತಾಳೆ ಮಾಡಿ, ಫೀಡ್ ಮೂಟೆ ಮಿನರಲ್ ಮಿಕ್ಸ್ಚರ್ ಸ್ಟಾಕ್ ಲೆಕ್ಕ ಮಾಡಿ, ಕ್ಯಾನು ಮಷಿನ್ ಕಂಪ್ಯೂಟರ್ ಎಲ್ಲ ಇರೋ ಸಾಮಗ್ರಿ ರಿಜಿಸ್ಟರ್, ಷೇರು ರಿಜಿಸ್ಟರ್, ನಡಾವಳಿ ಪುಸ್ತಕ, ಹಿಂದಿನ ಆಡಿಟ್ ವರದಿಗಳು ಮತ್ತೆ ಅವಕ್ಕೆ ಕೊಟ್ಟ ಅನುಪಾಲನಾ ವರದಿ, ಇಷ್ಟನ್ನೂ ಬರೆದು ನೀವು, ಅವಳು, ಅಧ್ಯಕ್ಷರು ಮೂವರೂ ಸಹಿ ಮಾಡಿ ಮೂರು ಪ್ರತಿ ಇಟ್ಕೊಳ್ಳಿ. ನಿಮ್ಮ ಪ್ರತಿ ಮನೇಲಿ ಜೋಪಾನ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959, ಅದರ 69ನೇ ಕಲಂ ಕೆಲಸ ಬಿಟ್ಟವ್ರಿಗೂ ಅನ್ವಯ ಆಗುತ್ತೆ, ಹಣ ಕಮ್ಮಿ ಬಂತು ಅಂದ್ರೆ ಹಳಬರನ್ನೂ ಕೇಳ್ತಾರೆ. ಆ ಹುಡುಗಿಗೂ ಇದು ರಕ್ಷಣೆ, ಅವಳು ಬರೋಕೆ ಮುಂಚಿನ ಕೊರತೆ ಅವಳ ತಲೆಗೆ ಬರಲ್ಲ.

ನೀವು ಹೇಳಿದ್ರಲ್ಲ ಬಾಯಿ ಮಾತಲ್ಲಿ ಕೊಟ್ಟಿರೋ ಫೀಡ್ ಸಾಲ, ಅದು ನನಗೆ ಭಯ ಹುಟ್ಟಿಸೋ ವಿಷಯ. ನೀವು ಹೋಗೋ ಮುಂಚಿನ ಬಟವಾಡೆಗಳಲ್ಲಿ ಹಿಡಿದು ಸೊನ್ನೆಗೆ ತನ್ನಿ. ಆಗದೇ ಇದ್ದಿದ್ದನ್ನ ಬಾಕಿ ಪಟ್ಟಿ ಅಂತ ಬರೆದು ತಗೊಂಡವ್ರ ಸಹಿ ಹಾಕಿಸಿ. ನಿಮ್ಮ ಮುಖ ನೋಡಿ ಕೊಡೋವ್ರು ಅವಳ ಮುಖ ನೋಡಿ ಕೊಡಲ್ಲ.

ಗ್ರ್ಯಾಚುಟಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಕಾಯ್ದೆ ಪ್ರಕಾರ 10 ಜನ ಇಲ್ಲ ಅದಕ್ಕಿಂತ ಜಾಸ್ತಿ ಕೆಲಸಗಾರರಿರೋ ಕಡೆ ಅದು ಹಕ್ಕು, ಹಳ್ಳಿ ಡೈರೀಲಿ ಅಷ್ಟು ಜನ ಇರಲ್ಲ. ಹಂಗಾಗಿ ನಿಮ್ಮ ಸಂಘದ ಬೈಲಾದಲ್ಲಿ, ಒಕ್ಕೂಟದ ಸುತ್ತೋಲೇಲಿ ಏನಿದೆ ಅಂತ ಒಕ್ಕೂಟದ ಶಿಬಿರ ಕಚೇರೀಲಿ ಈಗ್ಲೇ ವಿಚಾರಿಸಿ ಅರ್ಜಿ ಹಾಕಿ. ಬಿಟ್ಟ ಮೇಲೆ ಓಡಾಡೋದು ಕಷ್ಟ.

ಶ್ರೀನಿವಾಸಪುರ_ಹಾಲು

ನಾನು ಸೆಕ್ರೆಟರಿ ಅಲ್ಲ, ಹಾಲು ಹಾಕೋನು. ಎಲ್ಲರೂ ಬಿಟ್ಟು ದೂರ ಇರಿ ಅಂತಿದ್ದಾರೆ, ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮೂರಲ್ಲಿ ಹಳೇ ಸೆಕ್ರೆಟರಿ ಬಿಟ್ಟ ಮೇಲೆ ಡೈರಿ ಕಡೆ ತಲೇನೂ ಹಾಕ್ಲಿಲ್ಲ. ರಾಸು ವಿಮೆ ಯಾರ್ಯಾರದು ಯಾವಾಗ ಮುಗಿಯುತ್ತೆ ಅನ್ನೋದು ಅವರ ಕೈಪುಸ್ತಕದಲ್ಲಿ ಇತ್ತು, ಅದು ಅವರ ಜೊತೇಲೇ ಹೋಯ್ತು. ಹೊಸ ಹುಡುಗನಿಗೆ ಯಾರೂ ಹೇಳಿರ್ಲಿಲ್ಲ. ನಮ್ಮ ಪಕ್ಕದ ಮನೆಯವ್ರ ಹಸ ಹಾಲು ಜ್ವರ ಬಂದು ಸತ್ತೋಯ್ತು, ನೋಡಿದ್ರೆ ವಿಮೆ ಮುಗಿದು ತಿಂಗಳಾಗಿದೆ. ಆ ಮನೆಗೆ ಅದೊಂದೇ ಹಸ. ವಿಮೆ ಗುರುತಿಗೆ ಹಸಕ್ಕೆ ಹಾಕಿರೋ ಕಿವಿ ಓಲೆ ಬಿದ್ದು ಹೋಗಿದ್ರೂ ಅಷ್ಟೇ, ಓಲೆ ಇಲ್ದೆ ಕ್ಲೇಮ್ ಕೊಡಲ್ಲ, ಓಲೆ ಬಿದ್ದ ತಕ್ಷಣ ತಿಳಿಸಿ ಹೊಸದು ಹಾಕಿಸ್ಬೇಕು ಅಂತ ನಮಗೆ ಜ್ಞಾಪಿಸೋವ್ರು ಸೆಕ್ರೆಟರಿ ಬಿಟ್ರೆ ಯಾರಿದ್ದಾರೆ ಹೇಳಿ.

ನಮ್ಮಪ್ಪನ ಕಾಲದವ್ರು ಎಂ.ವಿ. ಕೃಷ್ಣಪ್ಪನವರ ಹೆಸರು ಹೇಳಿ ಕೈ ಮುಗೀತಾರೆ, ಈ ಕಡೆಗೆ ಸೀಮೆಹಸ ಬರೋಕೆ ಅವರೇ ಕಾರಣ ಅಂತ. ಬೋರ್‌ವೆಲ್ ಬತ್ತಿ ಟೊಮ್ಯಾಟೊ ರೇಟು ಬಿದ್ದು ಮಾವು ಹೂವು ಉದುರಿದ ವರ್ಷಗಳಲ್ಲೂ ನಮ್ಮ ಮಕ್ಕಳ ಫೀಸು ಕಟ್ಟಿದ್ದು ಹಾಲಿನ ಬಟವಾಡೆ. ಅದನ್ನ ನಡೆಸೋ ಮನುಷ್ಯ ಬದಲಾಗ್ತಿದ್ದಾರೆ ಅಂದ್ರೆ ನಮಗೂ ಕೇಳೋ ಹಕ್ಕಿದೆ. ಕೌಂಟರಲ್ಲಿ ನಿಲ್ಲಬೇಡಿ, ಸರಿ. ಆದ್ರೆ ಒಂದು ವರ್ಷ ಆ ಹುಡುಗಿಗೆ ಸಿಗೋ ಹಂಗಿರಿ. ಮಾರ್ಚಲ್ಲಿ ಬಿಟ್ರೆ ಅವಳಿಗೆ ಮೊದಲು ಸಿಗೋದೇ ಬೇಸಿಗೆ, ಹಾಲೂ ಕಮ್ಮಿ ಫ್ಯಾಟೂ ಕಮ್ಮಿ, ಜನ ಅವಳ ಕಾಲ್ಗುಣ ಅಂದುಬಿಡ್ತಾರೆ. ಮಳೆಗಾಲ ಬಂದು ಮೇವು ಆಗೋವರೆಗಾದ್ರೂ ನೀವು ಊರಲ್ಲಿ ನಾಲ್ಕು ಜನಕ್ಕೆ "ಪ್ರತಿ ವರ್ಷ ಹಿಂಗೇ ಆಗುತ್ತೆ, ಹಳೇ ಪುಸ್ತಕ ತೆಗೆದು ನೋಡಿ" ಅಂತ ಹೇಳ್ಬೇಕು. ಆ ಮಾತು ಅವಳು ಹೇಳೋಕಾಗಲ್ಲ, ನೀವೇ ಹೇಳ್ಬೇಕು.

ಚಿಂತಾಮಣಿ_ಡೈರಿ

ಇಷ್ಟು ಜನ ಇಷ್ಟು ವಿವರವಾಗಿ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಶಿರಾ ತಾಯಿ, ನಿನ್ನ ಪತ್ರ ನಮ್ಮ ಹುಡುಗಿಗೂ ಓದಿಸಿದೆ. ಅವಳು ಓದಿ ಮೊದಲು ಸುಮ್ನಾದ್ಲು, ಆಮೇಲೆ "ಮಾವ, ನಾಳೆ ಸಾಯಂಕಾಲ ನೀವು ಬರ್ಬೇಡಿ" ಅಂದ್ಲು. ಹೋಗ್ಲಿಲ್ಲ. ಮನೇಲಿ ಕೂತಿರೋಕಾಗದೆ ಕೈವಾರದ ಕಡೆ ಹೋಗಿ ಬಂದೆ. ಫೋನ್ ಒಂದು ಸಲ ಬಂತು, ಅದೂ ಫೀಡ್ ಲೋಡ್ ಯಾವಾಗ ಬರುತ್ತೆ ಅಂತ ಕೇಳೋಕೆ.

ಬ್ಯಾಂಕಲ್ಲಿ ನೋಡಿದೆ, ನನ್ನ ನಂಬರೇ ಇದೆ. ಸೋಮವಾರ ಬದಲಾಯಿಸೋಕೆ ಹೋಗ್ತೀವಿ. ವಿಮೆ ಪುಸ್ತಕ ಅವಳ ಕೈಗೆ ಕೊಟ್ಟೆ, ಅವಳು ಅದನ್ನ ಕಂಪ್ಯೂಟರಿಗೆ ಹಾಕಿ ಮುಗಿಯೋ ತಿಂಗಳ ಪ್ರಕಾರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದ್ಲು, ಇದನ್ನ ನಾನು ಇಷ್ಟು ವರ್ಷದಲ್ಲಿ ಮಾಡಿರ್ಲಿಲ್ಲ, ಜನ ನಿಂತು ಓದ್ತಾ ಇದ್ದಾರೆ. ಗರ್ಬರ್ ಸಾಮಾನು ಅಟ್ಟದ ಮೇಲಿಂದ ಇಳಿಸಿದೀನಿ, ಬ್ಯುಟಿರೋಮೀಟರ್ ಚೆನ್ನಾಗಿವೆ, ಆಸಿಡ್ ಹೊಸದು ತರ್ಬೇಕು.

ಒಂದು ಉಳೀತು. ಮಾಲೂರಿನವ್ರೇ, ಕೆಲವು ಮನೆ ವಿಷಯ ಇದೆಯಲ್ಲ, ಕುಡಿಯೋ ಗಂಡ, ಖಾತೆ ಬದಲಾಯಿಸಿದ್ದು, ಅಣ್ಣ ತಮ್ಮ ಪಾಲಾಗಿ ಒಂದೇ ಹಸದ ಹಾಲಿಗೆ ಇಬ್ಬರ ಹೆಸರು, ಇವನ್ನ ಬರೆದಿಡೋದು ನಂಗೆ ಸರಿ ಅನ್ನಿಸ್ತಿಲ್ಲ. ನೀವೇನು ಮಾಡಿದ್ರಿ?

ಮಾಲೂರು_ಹಳಬ

ಬರೀಬೇಡಿ ಸಾರ್. ಪುಸ್ತಕ ಇನ್ನೊಬ್ಬರ ಕೈಗೆ ಸಿಕ್ಕೇ ಸಿಗುತ್ತೆ. ನಾನು ಮಾಡಿದ್ದು ಇಷ್ಟು, ಆ ಮನೆ ಹೆಣ್ಣುಮಕ್ಕಳನ್ನೇ ಕರೆದು "ನಾನು ಹೋಗ್ತಾ ಇದ್ದೀನಮ್ಮ, ನಿಮ್ಮ ವಿಷಯ ಮುಂದೆ ಬರೋವ್ರಿಗೆ ಹೇಳ್ಲಾ ಬೇಡ್ವಾ" ಅಂತ ಕೇಳಿದೆ. ಹೇಳಿ ಅಂದ್ರೆ ಅವರ ಎದುರಿಗೇ ಹೇಳ್ದೆ. ಬೇಡ ಅಂದ್ರೆ ಹೇಳ್ಲಿಲ್ಲ. ನಿಮ್ಮಲ್ಲಿ ಬರ್ತಿರೋದು ಹೆಣ್ಣುಮಗಳು, ಅರ್ಧ ಜನ ನಿಮಗಿಂತ ಮುಂಚೆ ಅವರೇ ಹೇಳ್ಕೊಂಡಿರ್ತಾರೆ ನೋಡಿ. ಖಾತೆ ವಿಷಯ ಮಾತ್ರ ಆ ಹೆಂಗಸಿನ ಅರ್ಜಿ ಬರೆಸಿ ಫೈಲಿಗೆ ಹಾಕಿ, ನಾಳೆ ಗಂಡ ಬಂದು ಹೊಸಬಳ ಮೇಲೆ ಎಗರಾಡಿದ್ರೆ ತೋರಿಸೋಕೆ ಕಾಗದ ಇರ್ಲಿ. ಅಣ್ಣ ತಮ್ಮಂದಿರದು ಪಾಲು ಪತ್ರ ಆಗೋವರೆಗೂ ಹಾಲು ಯಾರು ತರ್ತಾರೋ ಅವರ ಹೆಸರಿಗೇ.

ಶಿರಾ_ಸೆಕ್ರೆಟರಿ

ಸಾರ್ ಸೋಮವಾರ ಬ್ಯಾಂಕಿಗೆ ಹೋಗೋವಾಗ ಸಹಿ ಬದಲಾವಣೆಗೆ ಮಂಡಳಿ ಮಾಡಿದ ನಡಾವಳಿ ನಕಲು, ಸಂಘದ ಸೀಲು, ಅವಳ ಆಧಾರ್ ಪ್ಯಾನ್ ಫೋಟೋ ತಗೊಂಡು ಹೋಗಿ, ಅಧ್ಯಕ್ಷರನ್ನೂ ಜೊತೇಲಿ ಕರ್ಕೊಂಡೇ ಹೋಗಿ, ಜಂಟಿ ಸಹಿ ಇರೋದ್ರಿಂದ ಅವರಿಲ್ದೆ ಹೋದ್ರೆ ವಾಪಸ್ ಕಳಿಸ್ತಾರೆ. ನಂಬರ್ ಬದಲಾವಣೆಗೂ ಸಹಿ ಬದಲಾವಣೆಗೂ ಬೇರೆ ಬೇರೆ ಫಾರಂ ಕೊಡ್ಬಹುದು, ಎರಡೂ ಅವತ್ತೇ ಕೊಟ್ಟು ಸ್ವೀಕೃತಿ ಈಸ್ಕೊಳ್ಳಿ. ಬಟವಾಡೆ ಹತ್ರ ಇದ್ರೆ ಅದು ಮುಗಿದ ಮಾರನೇ ದಿನ ಹೋಗೋದು ಒಳ್ಳೇದು, ಮಧ್ಯದಲ್ಲಿ ಖಾತೆ ನಿಂತ್ಕೊಂಡ್ರೆ ಊರಿಗೆಲ್ಲ ದುಡ್ಡು ತಡ ಆಗುತ್ತೆ. ಮತ್ತೆ ಆ ಹುಡುಗಿಗೆ ನನ್ನ ಜೊತೆ ಮಾತಾಡ್ಬೇಕು ಅನ್ನಿಸಿದ್ರೆ ಇಲ್ಲೇ ಮೆಸೇಜ್ ಮಾಡೋಕೆ ಹೇಳಿ, ಸಾಯಂಕಾಲದ ಹಾಲು ಮುಗಿದ ಮೇಲೆ ಎಂಟು ಗಂಟೆಯಿಂದ ನಾನು ಬಿಡುವಾಗಿರ್ತೀನಿ.